ಪೊರೆಯುವವರ ಅರ್ಹತೆ



ಮಗುವನ್ನು ಹಡೆಯುವುದಕ್ಕೆ ಯಾವ ಅರ್ಹತಾಪತ್ರವೂ ಬೇಕಾಗಿಲ್ಲ, ಅನ್ಯರ ಮಗುವನ್ನು ಸಾಕುವುದಕ್ಕೆ ಮಾತ್ರ ಸರ್ಕಾರ ನೂರೆಂಟು ಕಾಗದಗಳನ್ನು ಕೇಳುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುವುದುಂಟು. ಮಾತಿನಲ್ಲಿ ಚಮತ್ಕಾರವಿದೆ, ಅದು ವಿಚಾರಕ್ಕೆ ನಿಲ್ಲುವುದೇ ಎಂದು ನೋಡಬೇಕು. ತಂದೆತಾಯಿಗಳನ್ನು ಕಳೆದುಕೊಂಡ, ಅಥವಾ ಅವರಿದ್ದೂ ಅವರ ಆಸರೆ ಇಲ್ಲದಾದ ಮಗುವನ್ನು ಕೆಲಕಾಲ ಬೇರೊಂದು ಕುಟುಂಬದಲ್ಲಿಟ್ಟು ಬೆಳೆಸುವ ವ್ಯವಸ್ಥೆಗೆ ನಮ್ಮ ಕಾನೂನು ಪೋಷಕತ್ವವೆಂದು ಹೆಸರಿಟ್ಟಿದೆ. ಇದು ದತ್ತಕವಲ್ಲ. ಈ ಪೋಷಕರಾಗಲು ಯಾರು ಅರ್ಹರು, ಆ ಅರ್ಹತೆಯ ಹಿಂದಿರುವ ತತ್ತ್ವವೇನು ಎಂಬುದೇ ಇಂದಿನ ಭಾಷಣದ ವಿಷಯ.

ಬಸವಕಲ್ಯಾಣದ ನೆಲದಲ್ಲಿ ನಿಂತು ಈ ಮಾತನ್ನೆತ್ತಿದಾಗ ಮೊದಲು ನೆನಪಾಗುವವನು ವಿಜ್ಞಾನೇಶ್ವರ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ, ಅವನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಅದರ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ವ್ಯಾಜ್ಯಗಳಿಗೆ ಆ ಗ್ರಂಥವೇ ಪ್ರಮಾಣವಾಯಿತು. ಒಬ್ಬನೇ ಮಗನನ್ನು ದತ್ತಕವಾಗಿ ಕೊಡಬಾರದು, ಹಿರಿಯ ಮಗನನ್ನು ಕೊಡಬಾರದು ಎಂಬ ನಿಯಮಗಳು ಅದರಲ್ಲಿವೆ. ಯಾವ ಬಗೆಯ ಮಗನು ಪಿಂಡಕ್ಕೆ ಅರ್ಹನು, ಯಾವನು ದಾಯಕ್ಕೆ ಅರ್ಹನು ಎಂಬ ಸೂಕ್ಷ್ಮ ವಿವೇಚನೆಯೂ ಇದೆ. ಆ ಕಾಲದ ಧರ್ಮಶಾಸ್ತ್ರದ ಚಿಂತೆ ವಂಶದ್ದು. ಮನೆಗೆ ಯಾವ ಮಗು ತಕ್ಕುದು ಎಂಬುದೇ ಅಲ್ಲಿಯ ಪ್ರಶ್ನೆ. ಹೆಣ್ಣುಮಗುವಿಗೆ ದತ್ತಕದ ಬಾಗಿಲನ್ನು ಕಾನೂನು ಎಲ್ಲೆಡೆ ತೆರೆದದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಬಂದ ಮೇಲೆಯೇ.

2015ರ ಬಾಲನ್ಯಾಯ ಅಧಿನಿಯಮವು ಈ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ. ಮಗುವಿಗೆ ಯಾವ ಮನೆ ತಕ್ಕುದು? ಈ ತಿರುವು ಸಣ್ಣದಲ್ಲ. ಅರ್ಹತೆಯ ಪರೀಕ್ಷೆಗೆ ನಿಲ್ಲಬೇಕಾದವರು ಈಗ ಹಿರಿಯರು. ಆ ಅಧಿನಿಯಮದ 44ನೆಯ ಕಲಂ ಪ್ರಕಾರ ಕುಟುಂಬದ ಸಾಮರ್ಥ್ಯ, ಉದ್ದೇಶ, ಮಕ್ಕಳನ್ನು ಸಾಕಿದ ಹಿಂದಿನ ಅನುಭವ ಇವುಗಳನ್ನು ನೋಡಿ ಪೋಷಕರನ್ನು ಆರಿಸಬೇಕು. ಒಡಹುಟ್ಟಿದವರನ್ನು, ಅದು ಅವರ ಹಿತಕ್ಕೆ ವಿರುದ್ಧವಾಗದಿದ್ದರೆ, ಒಂದೇ ಮನೆಯಲ್ಲಿರಿಸಲು ಯತ್ನಿಸಬೇಕು. ಶಿಕ್ಷಣ, ಆರೋಗ್ಯ, ಆಹಾರಗಳ ಹೊಣೆ ಪೋಷಕರದು. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆ ಪರಿಶೀಲನೆ ನಡೆಸಬೇಕು. ಪಾಲನೆಯಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆ ಮನೆಗೆ ಕಳಿಸಬಹುದು.

ಇನ್ನು ವಿವರಗಳಿಗೆ ಬರೋಣ. 2016ರ ಮಾದರಿ ಮಾರ್ಗಸೂಚಿ ವಿವಾಹಿತ ದಂಪತಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿತವಾಗಿತ್ತು. 2024ರ ಪರಿಷ್ಕೃತ ಮಾರ್ಗಸೂಚಿಯು ಅವಿವಾಹಿತರು, ವಿಧವೆ-ವಿಧುರರು, ವಿಚ್ಛೇದನ ಪಡೆದವರು, ಕಾನೂನಿನಂತೆ ಬೇರ್ಪಟ್ಟವರು ಇವರಿಗೂ ಅವಕಾಶ ಕೊಟ್ಟಿತು. ಒಂಟಿಯಾಗಿರುವವರ ವಯಸ್ಸು 35ರಿಂದ 60ರ ನಡುವೆ ಇರಬೇಕು. ಒಂಟಿ ಹೆಣ್ಣುಮಗಳು ಗಂಡುಹುಡುಗನನ್ನಾಗಲಿ ಹೆಣ್ಣುಹುಡುಗಿಯನ್ನಾಗಲಿ ಸಾಕಬಹುದು. ಒಂಟಿ ಗಂಡಸಿಗೆ ಹುಡುಗಿಯನ್ನು ಒಪ್ಪಿಸುವುದಿಲ್ಲ. ದಂಪತಿಗಳಾದರೆ ಇಬ್ಬರ ವಯಸ್ಸು ಕೂಡಿ 70ಕ್ಕೆ ಕಡಿಮೆಯಿರಬಾರದು, ಕನಿಷ್ಠ ಎರಡು ವರ್ಷದ ಸುಸ್ಥಿರ ದಾಂಪತ್ಯವಿರಬೇಕು. ಮನೆಯವರ ಆರೋಗ್ಯ, ಮಗುವಿನ ಅಗತ್ಯಗಳನ್ನು ಪೂರೈಸುವಷ್ಟು ಆದಾಯ, ಅಪರಾಧಕ್ಕಾಗಿ ಶಿಕ್ಷೆಯಾಗಿಲ್ಲದಿರುವುದು ಇವೆಲ್ಲ ಪರಿಶೀಲನೆಗೆ ಒಳಪಡುತ್ತವೆ. ನಮ್ಮ ಭಾಗದವರು ಇದಕ್ಕಾಗಿ ಬೀದರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಪಾಲನೆಗೆಂದು ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಅದು ಮಗುವಿನ ಹಣವೇ ಹೊರತು ಸಾಕುವವರ ಸಂಬಳವಲ್ಲ.

ಇಷ್ಟೊಂದು ತಪಾಸಣೆ ಏತಕ್ಕೆ? ಪ್ರೀತಿಯಿದ್ದರೆ ಸಾಲದೆ? ಸಾಲದು. 'ನಾವೇ ಸಾಕಿಕೊಂಡಿದ್ದೇವೆ' ಎಂಬ ಮಾತಿನ ಮರೆಯಲ್ಲಿ ಎಷ್ಟೋ ಬಡಮಕ್ಕಳು ಪರರ ಮನೆಯ ಪಾತ್ರೆ ತೊಳೆದು, ದನ ಕಾದು, ಶಾಲೆಯ ಮುಖ ಕಾಣದೆ ಬೆಳೆದದ್ದನ್ನು ನಮ್ಮ ಊರುಗಳು ಬಲ್ಲವು. ಒಂದು ಹೊತ್ತಿನ ಊಟಕ್ಕೆ ಬದಲಾಗಿ ಬಾಲ್ಯವನ್ನೇ ಕೊಟ್ಟ ಮಕ್ಕಳವರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ದುಡಿಸಿಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿತು. ಆದರೂ ಮನೆಯ ಗೋಡೆಗಳ ಒಳಗೆ ನಡೆಯುವುದು ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದು. ತಿಂಗಳ ಭೇಟಿಯೂ ಮನೆಯ ಪರಿಶೀಲನೆಯೂ ಪ್ರೀತಿಯನ್ನು ಶಂಕಿಸುವುದಕ್ಕಾಗಿ ಬಂದವಲ್ಲ. ಪ್ರೀತಿಯ ಹೆಸರನ್ನು ದುರುಪಯೋಗ ಮಾಡುವವರಿಂದ ಮಗುವನ್ನು ಕಾಯುವುದಕ್ಕಾಗಿ ಬಂದವು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದಿನ ಮೂಲಕ ಹಾಯುತ್ತದೆ. ಆ ದಾರಿ ಹಿಡಿದು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರ ಮಕ್ಕಳು ಇಲ್ಲಿ ಆಯಿ-ಮುತ್ಯಾರ ಬಳಿ ಉಳಿಯುವುದು ವಾಡಿಕೆ. ಹೋದವರು ಬಾರದಿದ್ದರೆ, ಅಥವಾ ತೀರಿಕೊಂಡರೆ, ಮುಪ್ಪಿನ ಕೈಗೆ ಎಳೆಯ ಹೊಣೆ ಬೀಳುತ್ತದೆ. ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳಿಗೂ ವಿಧವೆ ತಾಯಿಯ ಮಕ್ಕಳಿಗೂ ಅದೇ ಅಧಿನಿಯಮದ 45ನೆಯ ಕಲಂ ಪ್ರಾಯೋಜಕತ್ವವೆಂಬ ನೆರವನ್ನು ಕಲ್ಪಿಸಿದೆ. ಬಡತನವೊಂದೇ ಕಾರಣವಾಗಿ ಮಗುವನ್ನು ಸ್ವಂತದವರ ಮಡಿಲಿನಿಂದ ಅಗಲಿಸುವುದಕ್ಕಿಂತ, ಆ ಮಡಿಲಿಗೇ ಬಲ ಕೊಡುವುದು ಮೇಲು. ಪರರ ಮನೆ ಆ ಮೇಲಿನ ಮಾತು.

ಅರ್ಹತೆಗಳಲ್ಲೆಲ್ಲ ಕಠಿಣವಾದದ್ದು ಅರ್ಜಿಯಲ್ಲಿ ತುಂಬಲು ಬಾರದಂಥದು: ಹಿಂದಿರುಗಿಸಿ ಕೊಡುವ ಮನಸ್ಸು. ಹೆತ್ತವರು ಚೇತರಿಸಿಕೊಂಡರೆ ಮಗು ಅವರ ಬಳಿಗೆ ಮರಳಬಹುದು. ನಡುವೆ ಅವರು, ಸಮಿತಿ ಒಪ್ಪಿದರೆ, ಬಂದು ನೋಡಿಹೋಗಬಹುದು. ಮಗು ಕಾನೂನಿನ ಪ್ರಕಾರ ದತ್ತಕಕ್ಕೆ ಮುಕ್ತವಾಗಿದ್ದರೆ ಎರಡು ವರ್ಷ ಸಾಕಿದವರು ಅದನ್ನು ದತ್ತು ಕೇಳಬಹುದೆಂದು 2024ರ ಮಾರ್ಗಸೂಚಿ ಹೇಳುತ್ತದೆ, ನಿಜ. ಮೊದಲು ಈ ಅವಧಿ ಐದು ವರ್ಷವಿತ್ತು. ಆದರೆ ಆ ಆಸೆಯನ್ನೇ ಮುಂದಿಟ್ಟುಕೊಂಡು ಬರುವವರು ದತ್ತಕದ ದಾರಿಯನ್ನೇ ಹಿಡಿಯುವುದು ಒಳಿತು. ಯಶೋದೆ ಸಾಕಿದ ಕೃಷ್ಣ ಮಥುರೆಗೆ ಹೋದನು. ಕಣ್ವರು ಬೆಳೆಸಿದ ಶಕುಂತಲೆ ಆಶ್ರಮವನ್ನು ಬಿಟ್ಟು ನಡೆದಳು. ಕಳಿಸಿಕೊಟ್ಟದ್ದರಿಂದ ಆ ಪೋಷಕರ ಹಿರಿಮೆ ಕುಂದಲಿಲ್ಲ.

ಪಂಪನನ್ನು ಓದಿದವರಿಗೆ ಕರ್ಣನ ನೆನಪಾಗದಿರದು. ರಾಧೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ರಾಧೇಯನೆಂಬ ಹೆಸರೇ ಅದಕ್ಕೆ ಸಾಕ್ಷಿ. ಅವನನ್ನು ಸುಟ್ಟದ್ದು ಎರಡು: ಮುಚ್ಚಿಟ್ಟ ಜನ್ಮವೃತ್ತಾಂತ ಮತ್ತು ಕುಲವನ್ನು ಕೇಳಿದ ಸಭೆ. ಮಗುವಿನಿಂದ ಅದರ ಹಿಂದಿನದನ್ನು ಬಚ್ಚಿಡದಿರುವುದು ಪೋಷಕರ ಕೈಯಲ್ಲಿದೆ. ಎರಡನೆಯದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ.

ವಿಜ್ಞಾನೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಹುಟ್ಟಿನ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ ನಡತೆಯ ಪ್ರಶ್ನೆಯನ್ನು ಮುಂದಿಟ್ಟರು. ಅವರ ಹೆಸರಿನಲ್ಲಿ ಉತ್ಸವಗಳನ್ನು ನಡೆಸುವ ನಾವು, ಪೋಷಕತ್ವಕ್ಕೆ ಬಂದ ಮಗುವಿನ ಜಾತಿ ಯಾವುದೆಂದು ವಿಚಾರಿಸದೆ ಅದಕ್ಕೆ ನಮ್ಮ ಪಂಕ್ತಿಯಲ್ಲೇ ಎಡೆ ಹಾಕಬಲ್ಲೆವೆ? ನೆರೆಮನೆಯವರು ಅದನ್ನು 'ಅನಾಥ' ಎಂದು ಕರೆಯದೆ ಹೆಸರು ಹಿಡಿದು ಕೂಗಬಲ್ಲರೆ? ಅರವತ್ತು ದಾಟಿದ ನನ್ನಂಥವರಿಗೆ ಮಾರ್ಗಸೂಚಿಯ ಬಾಗಿಲು ಮುಚ್ಚಿದೆ. ಆದರೆ ಅಂಥ ಮಗುವಿಗೆ ಪಕ್ಕದ ಮನೆಯ ಮುತ್ಯಾ ಆಗಲು, ಅಕ್ಷರ ತಿದ್ದಿಸಲು, ಅದರ ಮುಖ ಬಾಡಿದ್ದರೆ ಗಮನಿಸಲು ವಯಸ್ಸಿನ ಮಿತಿಯಿಲ್ಲ. ಒಂದು ಮನೆ ಅರ್ಹವಾದರೆ ಸಾಲದು, ಅದರ ಓಣಿಯೂ ಅರ್ಹವಾಗಬೇಕು. ಆ ಅರ್ಹತೆಯನ್ನು ಯಾವ ಸಮಿತಿಯೂ ಬಂದು ಪರೀಕ್ಷಿಸುವುದಿಲ್ಲ, ನಾವೇ ಪರೀಕ್ಷಿಸಿಕೊಳ್ಳಬೇಕು.