ನಗರದ ನೀರಿನ ದರ, ನಮ್ಮ ಕಣಿವೆಯ ಹೊಳೆ



ನಗರದ ನೀರಿನ ದರದಿಂದ ನಮಗೇನು ಎಂದು ನೀವು ಕೇಳಬಹುದು. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಮಲೆನಾಡು ಬೀದಿಗಿಳಿದುದನ್ನು ನೆನೆಯಿರಿ. ನಗರವು ನೀರಿಗೆ ಕಟ್ಟುವ ಬೆಲೆಗೂ ನಮ್ಮ ಕಣಿವೆಗಳ ಅಳಿವು ಉಳಿವಿಗೂ ನೇರ ಸಂಬಂಧವಿದೆ.

ಬೆಂಗಳೂರಿಗೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ ಪಂಪುಗಳಿಂದ ಮೇಲೆತ್ತಿ ತರಲಾಗುತ್ತದೆ. ವಿದ್ಯುತ್ತಿನ ಖರ್ಚು ಅಪಾರ. ಆದರೂ 2014ರಿಂದ 2025ರ ಏಪ್ರಿಲ್‌ವರೆಗೆ ಮನೆಬಳಕೆಯ ಮೊದಲ 8,000 ಲೀಟರಿನ ದರ ಸಾವಿರ ಲೀಟರಿಗೆ 7 ರೂಪಾಯಿ. 50,000 ದಾಟಿದರೆ 45. ಹೆಚ್ಚು ಬಳಸಿದವರು ಹೆಚ್ಚು ತೆರಬೇಕೆಂಬ ತತ್ತ್ವ ಸರಿಯಾದುದೇ. ಆದರೆ 2024ರ ಬರದಲ್ಲಿ, ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರುತ್ತಿದ್ದಾಗ, ನಲ್ಲಿಯಿಲ್ಲದ ಬಡವರು ಟ್ಯಾಂಕರಿನ ನೀರಿಗೆ ಈ ದರದ ಹಲವು ಪಟ್ಟು ತೆತ್ತರು.

ಇನ್ನೊಂದು ತೊಡಕೂ ಇದೆ. ಬರದಲ್ಲಿ ಜನ ನೀರುಳಿಸಿದರೆ ಮಂಡಳಿಯ ವರಮಾನ ಕುಗ್ಗುತ್ತದೆ. ಕೊಳವೆ, ಪಂಪು, ಸಾಲಗಳ ಹೊರೆ ಕುಗ್ಗದು. ಆಗ ದರವೇರಿಸಿದರೆ ಉಳಿಸಿದವರಿಗೇ ಶಿಕ್ಷೆ. ಆದ್ದರಿಂದ ಬರಗಾಲದ ದರವನ್ನು ಕೆರೆ ತುಂಬಿರುವಾಗಲೇ ಗೊತ್ತುಪಡಿಸಿ ಜನರಿಗೆ ತಿಳಿಸಬೇಕು.

ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನಗರದ ಕಾರ್ಖಾನೆ, ಕಟ್ಟಡಗಳೂ ಅದನ್ನು ಕೊಳ್ಳಬೇಕಾದರೆ ಅದು ನದಿನೀರಿಗಿಂತ, ಕೊಳವೆಬಾವಿಯ ನೀರಿಗಿಂತ ಅಗ್ಗವಿರಬೇಕು. ಸಂಸ್ಕರಣದ ವೆಚ್ಚವನ್ನು ಕೊಂಡವರ ಮೇಲಷ್ಟೇ ಹೊರಿಸದೆ, ನದಿನೀರನ್ನು ಧಾರಾಳವಾಗಿ ಬಳಸುವವರೂ ಹಂಚಿಕೊಳ್ಳುವುದು ನ್ಯಾಯ.

ನಗರವು ತನ್ನ ನೀರನ್ನೇ ಎರಡನೆಯ ಸಲ ಬಳಸಿದಷ್ಟೂ ನಮ್ಮ ಹೊಳೆಗಳು ತಮ್ಮ ಪಾತ್ರದಲ್ಲಿಯೇ ಹರಿದಾವು.