ಬ್ಲಾಕ್ ಮಾಡಿದ್ದು ಮನೆ ಬಾಗಿಲನ್ನಾ, ಆಫೀಸ್ ಬಾಗಿಲನ್ನಾ?

ಇವತ್ತು ನಾನು ಸ್ಟುಡಿಯೋದಲ್ಲಿಲ್ಲ. ಬಳ್ಳಾರಿಯಲ್ಲಿದ್ದೀನಿ. ಎರಡು ದಿನ ಸಿರುಗುಪ್ಪ, ಕುರುಗೋಡು ಸುತ್ತಾಡಿ ಬಂದೆ. ಇವತ್ತು ಬೆಳಿಗ್ಗೆ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ನನ್ನ ಸೋದರಮಾವನ ಜೊತೆ ಕೂತಿದ್ದೆ. ಸಿರುಗುಪ್ಪದ ಕಡೆ ಭತ್ತ ಬೆಳೆಯುವವರು ಅವರು. ಫೋನ್ ತೆಗೆದು ನನ್ನ ಮುಂದಿಟ್ಟರು.

"ಏನಪಾ, ನೀನು ಟಿವಿಯಾಗ ದಿನಾ ದೊಡ್ಡ ದೊಡ್ಡವ್ರಿಗೆ ಪ್ರಶ್ನೆ ಕೇಳ್ತಿ. ನಾನು ಒಂದೇ ಒಂದು ಕೇಳಿದ್ದಕ್ಕೆ ನನ್ನ ಬ್ಲಾಕ್ ಮಾಡ್ಯಾರ ನೋಡು."

"ಏನ್ ಕೇಳಿದ್ರಿ ಮಾವ?"

"ಕಾಲುವಿಗೆ ನೀರು ಯಾವಾಗ ಬರ್ತಾವ ಸಾರ್, ಹೋದ ಸಲ ನೀವು ಹೇಳಿದ ತಾರೀಕಿಗೆ ಬರ್ಲಿಲ್ಲ ಅಂದೆ. ಅಷ್ಟ."

ಆ ಅಧಿಕಾರಿಯ ಹೆಸರು ನಾನು ಹೇಳೋದಿಲ್ಲ. ಯಾಕಂದ್ರೆ ಈ ಕೆಲಸ ಮಾಡಿದವರು ಅವರೊಬ್ಬರೇ ಅಲ್ಲ. ಆದರೆ ಅವರ ಫೇಸ್‌ಬುಕ್ ಖಾತೆ ಹೇಗಿದೆ ಅನ್ನೋದನ್ನ ಹೇಳ್ತೀನಿ, ಕೇಳಿ. ಖಾತೆ ಅವರ ಸ್ವಂತ ಹೆಸರಲ್ಲಿದೆ. ಮಗಳ ಹುಟ್ಟುಹಬ್ಬದ ಫೋಟೋ ಇದೆ, ತಿರುಪತಿಗೆ ಹೋದ ಫೋಟೋ ಇದೆ. ಅದರ ಮಧ್ಯದಲ್ಲೇ ಕಾಲುವೆಗೆ ನೀರು ಬಿಡುವ ತಾರೀಕು ಇದೆ, ಸಭೆಯ ಸೂಚನೆ ಇದೆ, ರೈತರಿಗೆ ಎಚ್ಚರಿಕೆ ಇದೆ. ಈಗ ನಮ್ಮ ಮಾವನಿಗೆ ಹುಟ್ಟುಹಬ್ಬವೂ ಕಾಣಲ್ಲ, ನೀರಿನ ತಾರೀಕೂ ಕಾಣಲ್ಲ. ಅದು ಬೇಕಾದ್ರೆ ಪಕ್ಕದ ಮನೆ ಹುಡುಗನ ಫೋನ್ ಇಸ್ಕೊಂಡು ನೋಡಬೇಕು.

ಇದೇನು ಮಹಾ ವಿಷಯ ಅಂತೀರಾ? 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡಿಕೊಳ್ಳಿ. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯ್ತು. ನದಿ ದಂಡೆಯ ಸಿರುಗುಪ್ಪದ ಜನ ಆ ರಾತ್ರಿ ಮಾಹಿತಿಗಾಗಿ ಹುಡುಕಾಡಿದ್ದು ಎಲ್ಲಿ? ಕೈಯಲ್ಲಿದ್ದ ಫೋನಿನಲ್ಲಿ. ಅಂಥ ರಾತ್ರಿ ಒಬ್ಬ ರೈತನಿಗೆ ಮಾತ್ರ ಪರದೆ ಖಾಲಿ ಕಂಡರೆ, ಅದು ಇಬ್ಬರ ನಡುವಿನ ಮುನಿಸು ಅಲ್ಲ. ಅದು ಆಡಳಿತದ ಲೋಪ.

ಸರಿ, ಈ ಪ್ರಶ್ನೆಗೂ ಬಳ್ಳಾರಿಗೂ ಇನ್ನೊಂದು ನಂಟಿದೆ. 1999ರ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್. ಸುಷ್ಮಾ ಅವರು ಕನ್ನಡ ಕಲಿತು, ಈ ಊರುಗಳಲ್ಲೇ ಕನ್ನಡದಲ್ಲಿ ಭಾಷಣ ಮಾಡಿದರು. 56,100 ಮತಗಳಿಂದ ಸೋತರು. ಮುಂದೆ 2014ರಲ್ಲಿ ವಿದೇಶಾಂಗ ಸಚಿವೆಯಾದಾಗ ಏನು ಮಾಡಿದರು? ಟ್ವಿಟರ್‌ನಲ್ಲಿದ್ದ ತಮ್ಮ ಸ್ವಂತ ಹೆಸರಿನ ಖಾತೆಯನ್ನೇ ಸಚಿವಾಲಯದ ಕೌಂಟರ್ ಮಾಡಿಬಿಟ್ಟರು. ಪಾಸ್‌ಪೋರ್ಟ್ ಕಳೆದುಕೊಂಡವರು, ಗಲ್ಫ್‌ನಲ್ಲಿ ಸಿಕ್ಕಿಬಿದ್ದವರು, ವೀಸಾ ಸಿಗದ ರೋಗಿಗಳು ಎಲ್ಲರೂ ಅಲ್ಲಿಗೇ ಬರೆದರು. ಮಂಗಳ ಗ್ರಹದಲ್ಲಿ ಸಿಕ್ಕಿಬಿದ್ದರೂ ನಮ್ಮ ರಾಯಭಾರ ಕಚೇರಿ ನೆರವಾಗುತ್ತೆ ಅಂತ 2017ರಲ್ಲಿ ಅವರು ತಮಾಷೆ ಮಾಡಿದ್ದು ನಿಮಗೆ ನೆನಪಿರಬಹುದು.

2018ರಲ್ಲಿ ಲಕ್ನೋದ ಒಂದು ಪಾಸ್‌ಪೋರ್ಟ್ ವಿವಾದ ಬಂತು. ಅದೇ ಸುಷ್ಮಾ ಮೇಲೆ ಬೈಗುಳದ ಮಳೆ. ಅವರು ಜನರನ್ನೇ ಕೇಳಿದರು, ಈ ಟ್ರೋಲಿಂಗ್ ಒಪ್ಪುತ್ತೀರಾ ಅಂತ. ಶೇ 57ರಷ್ಟು ಜನ ಇಲ್ಲ ಅಂದರು, ಶೇ 43ರಷ್ಟು ಜನ ಹೌದು ಅಂದರು! ಅದೇ ದಿನಗಳಲ್ಲಿ ಟೀಕಾಕಾರರೊಬ್ಬರು, ನನ್ನನ್ನೂ ಬ್ಲಾಕ್ ಮಾಡಿ, ಕಾಯ್ತಾ ಇರ್ತೀನಿ ಅಂತ ಕುಟುಕಿದರು. ಕಾಯೋದ್ಯಾಕೆ, ತಗೊಳ್ಳಿ ಮಾಡಿದೆ ಅಂತ ಸುಷ್ಮಾ ಬ್ಲಾಕ್ ಮಾಡಿಯೇ ಬಿಟ್ಟರು. ಅವತ್ತು ತುಂಬಾ ಜನ ಚಪ್ಪಾಳೆ ಹೊಡೆದರು. ಅವರ ನೋವು ನನಗೂ ಅರ್ಥವಾಗುತ್ತೆ. ಆದರೆ ನಾಳೆ ಅದೇ ವ್ಯಕ್ತಿ ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ಯಾವ ಕೌಂಟರ್‌ಗೆ ಹೋಗಬೇಕು?

ಈಗ ಕಾನೂನಿಗೆ ಬರೋಣ. ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಟ್ವಿಟರ್‌ನಲ್ಲಿ ಟೀಕಾಕಾರರನ್ನು ಬ್ಲಾಕ್ ಮಾಡಿದ್ದಕ್ಕೆ 2017ರಲ್ಲಿ ಕೇಸ್ ಆಯ್ತು. 2018ರಲ್ಲಿ ಕೆಳಗಿನ ಕೋರ್ಟ್, 2019ರಲ್ಲಿ ಮೇಲ್ಮನವಿ ಕೋರ್ಟ್, ಎರಡೂ ಅದು ತಪ್ಪು ಅಂದವು. 2021ರಲ್ಲಿ ಟ್ರಂಪ್ ಅಧಿಕಾರದಲ್ಲೇ ಇರಲಿಲ್ಲ, ಹಾಗಾಗಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟಿತು. ಆಮೇಲೆ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ಅನ್ನೋ ಊರಿನ ಸಿಟಿ ಮ್ಯಾನೇಜರ್ ಕೇಸ್ ಬಂತು. ಅವರ ಫೇಸ್‌ಬುಕ್‌ನಲ್ಲೂ ಮಗಳ ಫೋಟೋ, ಜೊತೆಗೆ ಊರಿನ ಕೋವಿಡ್ ಸುದ್ದಿ. ನಮ್ಮ ಮಾವನ ಅಧಿಕಾರಿಯ ಕಥೆಯೇ! 2024ರ ಮಾರ್ಚ್ 15ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಎರಡು ಪ್ರಶ್ನೆ ಮುಂದಿಟ್ಟಿತು. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ಆ ವ್ಯಕ್ತಿಗೆ ನಿಜವಾಗಿ ಇತ್ತಾ? ಆ ಪೋಸ್ಟ್ ಹಾಕುವಾಗ ಆ ಅಧಿಕಾರವನ್ನೇ ಚಲಾಯಿಸುತ್ತಿದ್ದರಾ? ಎರಡಕ್ಕೂ ಹೌದು ಅಂದ್ರೆ ಮಾತ್ರ ಅದು ಸರ್ಕಾರದ ಕೆಲಸ. ಇಲ್ಲದಿದ್ದರೆ ಅದು ಅವರ ಮನೆ ವಿಷಯ.

ನಮ್ಮಲ್ಲಿ? ಇದಕ್ಕೆಂದೇ ಬರೆದ ಕಾಯ್ದೆ ಇಲ್ಲ. ಆದರೆ ಸಂವಿಧಾನದ 19(1)(ಎ) ವಿಧಿ ಇದೆ. ಮಾತಾಡುವ ಹಕ್ಕು, ಅದರ ಜೊತೆಗೇ ತಿಳಿದುಕೊಳ್ಳುವ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನ ಕೇಳುವ ಮೊದಲೇ ಮಾಹಿತಿ ಕೊಡಿ ಅಂತ ಕಚೇರಿಗಳಿಗೆ ಹೇಳುತ್ತೆ. 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ತೀರ್ಪು ಕೊಟ್ಟಿತು. ಸಚಿವರು ಆಡಿದ ಮಾತನ್ನ ಸರ್ಕಾರದ ತಲೆಗೆ ಕಟ್ಟೋಕಾಗಲ್ಲ ಅಂತ ನಾಲ್ವರು ಹೇಳಿದರು. ಪ್ರತ್ಯೇಕ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆ ಮಾತಿನಲ್ಲಿ ಸರ್ಕಾರದ ನಿಲುವು ಇದ್ದರೆ ಅದು ಸರ್ಕಾರದ್ದೇ, ಇಲ್ಲದಿದ್ದರೆ ಅದು ಆ ವ್ಯಕ್ತಿಯದು ಅನ್ನೋದು ಅವರ ವಾದ. ಅದು ಸಚಿವರ ಮಾತಿನ ಬಗ್ಗೆ ಬಂದ ಕೇಸ್, ಬ್ಲಾಕ್ ಬಗ್ಗೆ ಅಲ್ಲ. ಆದರೂ ಆ ಗೆರೆ ನನಗೆ ಸರಿ ಅನ್ನಿಸುತ್ತೆ.

ತಹಶೀಲ್ದಾರರು ತಮ್ಮ ಮನೆ ಬಾಗಿಲು ಹಾಕಿಕೊಂಡರೆ ಯಾರೂ ಕೇಳಲ್ಲ. ಅದೇ ಮನೆ ಜಗಲಿ ಮೇಲೆ ತಾಲ್ಲೂಕು ಕಚೇರಿ ಬೋರ್ಡ್ ಹಾಕಿ, ಅಲ್ಲೇ ಪಹಣಿ ಕೊಡೋಕೆ ಶುರು ಮಾಡಿದ ಮೇಲೆ, ನೀನು ಬರಬೇಡ ಅನ್ನೋ ಹಾಗಿಲ್ಲ. ಬೋರ್ಡ್ ಹಾಕಿದವರು ನೀವು, ನಾವಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ದೇವಸ್ಥಾನದ ಹತ್ತಿರ ಮಹಿಳಾ ಅಧಿಕಾರಿಯೊಬ್ಬರು ಸಿಕ್ಕಿದ್ದರು. "ಸಾರ್, ಪ್ರಶ್ನೆ ಕೇಳಿದ್ರೆ ನಾನು ಯಾರನ್ನೂ ಬ್ಲಾಕ್ ಮಾಡಲ್ಲ. ರಾತ್ರಿ ಹನ್ನೆರಡು ಗಂಟೆಗೆ ಬರೋ ಮೆಸೇಜ್ ನಿಮಗೆ ತೋರಿಸ್ಲಾ?" ಅಂದರು. ತೋರಿಸೋದು ಬೇಡ ಮೇಡಂ ಅಂದೆ. ಅವರು ಅದನ್ನೆಲ್ಲ ಸಹಿಸಿಕೊಂಡು ಕೂರಬೇಕು ಅಂತ ಯಾವ ಸಂವಿಧಾನವೂ ಹೇಳಲ್ಲ. ಅಶ್ಲೀಲ, ಬೆದರಿಕೆ ಬಂದರೆ ಬ್ಲಾಕ್ ಮಾಡಿ, ಸೈಬರ್ ಪೊಲೀಸರಿಗೂ ಕೊಡಿ. ಕಿರಿಕಿರಿ ಮಾತ್ರ ಆಗಿದ್ದರೆ ಮ್ಯೂಟ್ ಅನ್ನೋ ಬಟನ್ ಇದೆ. ಮ್ಯೂಟ್ ಮಾಡಿದರೆ ಅವರ ಮಾತು ನಿಮಗೆ ಕಾಣಲ್ಲ, ಆದರೆ ನಿಮ್ಮ ಸೂಚನೆ ಅವರಿಗೆ ಕಾಣುತ್ತೆ. ಬೈಗುಳಕ್ಕೂ ಪ್ರಶ್ನೆಗೂ ವ್ಯತ್ಯಾಸ ಗೊತ್ತಿರೋರಿಗೆ ಇಷ್ಟು ಸಾಕು.

ಹಾಗಾದ್ರೆ ಏನು ಮಾಡಬೇಕು? ಎರಡೇ ಮಾತು. ಕಚೇರಿಯ ಸುದ್ದಿ ಕಚೇರಿಯ ಖಾತೆಯಲ್ಲೇ ಬರಲಿ, ಮಗಳ ಹುಟ್ಟುಹಬ್ಬ ಸ್ವಂತ ಖಾತೆಯಲ್ಲಿರಲಿ. ಅಧಿಕಾರಿಗೆ ವರ್ಗಾವಣೆ ಆದಾಗ ಕಚೇರಿಯ ಖಾತೆ ಕುರ್ಚಿಯ ಜೊತೆ ಇಲ್ಲೇ ಉಳಿಯಲಿ. ಇಲ್ಲದಿದ್ದರೆ ಸಾಹೇಬರು ಬೇರೆ ಜಿಲ್ಲೆಗೆ ಹೋಗುವಾಗ ನಮ್ಮ ಜನರನ್ನೂ, ಹಳೆಯ ಸೂಚನೆಗಳನ್ನೂ ಬ್ಯಾಗಿನಲ್ಲಿ ತುಂಬಿಕೊಂಡು ಹೋದ ಹಾಗಾಗುತ್ತೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಗೇಟ್ ಕೊಚ್ಚಿಹೋದ ವಾರ ನಾನು ಲೈವ್‌ನಲ್ಲಿ ಅವಸರದಲ್ಲಿ, ಒಂದು ಲಕ್ಷ ಟಿಎಂಸಿ ನೀರು ಹರಿದು ಹೋಗ್ತಿದೆ ಅಂದುಬಿಟ್ಟೆ. ಹೇಳಬೇಕಾಗಿದ್ದು ಕ್ಯೂಸೆಕ್. ಸಿರುಗುಪ್ಪದ ವೀಕ್ಷಕರೊಬ್ಬರು ಬರೆದರು: "ಸಾರ್, ನೀವು ಎಂಜಿನಿಯರಿಂಗ್ ಎಲ್ಲಿ ಓದಿದ್ರಿ? ಡ್ಯಾಮ್ ತುಂಬಿದ್ರೂ ಇರೋದು ನೂರಾ ಐದು ಟಿಎಂಸಿ." ಮಾತು ನೂರಕ್ಕೆ ನೂರು ಸರಿ. ನಾನು ಏನು ಮಾಡಿದೆ ಗೊತ್ತಾ? ಬ್ಲಾಕ್ ಮಾಡಿದೆ. ನಾನು ಸರ್ಕಾರಿ ನೌಕರ ಅಲ್ಲ, ಕಾನೂನು ನನ್ನನ್ನ ಕೇಳಲ್ಲ. ಆದರೆ ಇವತ್ತು ಮಾವನ ಫೋನ್ ನೋಡುವಾಗ ನನಗೆ ಮುಖ ಎತ್ತೋಕಾಗಲಿಲ್ಲ.

ಈ ಕಾರ್ಯಕ್ರಮಕ್ಕೆ ಬರುವ ಮೊದಲು ಅವರನ್ನ ಅನ್‌ಬ್ಲಾಕ್ ಮಾಡಿದ್ದೀನಿ. ಕ್ಷಮೆ ಕೇಳಿ ಮೆಸೇಜೂ ಹಾಕಿದ್ದೀನಿ. ಮಾವನನ್ನ ಬ್ಲಾಕ್ ಮಾಡಿದ ಸಾಹೇಬರೂ ಈ ಕಾರ್ಯಕ್ರಮ ನೋಡ್ತಿರಬಹುದು. ಸಾರ್, ಅವರು ಕೇಳಿದ್ದು ನೀರಿನ ತಾರೀಕು. ದಯವಿಟ್ಟು ಅದನ್ನ ಹೇಳಿಬಿಡಿ.