ಅಂದಾಜಿಗೆ ಅಂಕಿ ಬರೀಬೇಡಿ

ಇವತ್ತು ರಾಜಕಾರಣ ಬೇಡ. ಒಂಬತ್ತು ಅಂಕಿಗಳ ಕಥೆ ಹೇಳ್ತೀನಿ.

ಮಹದಾಯಿ ಹೋರಾಟದ ವರದಿಗೆ ನವಲಗುಂದಕ್ಕೆ ಹೋಗಿದ್ದೆ. ಚಹಾದಂಗಡಿಯವರ ಮಗಳು ಪೇಪರಿನ ಸುಡೊಕು ಬಿಡಿಸ್ತಾ ಕೂತಿದ್ದಳು. 'ಗಣಿತದಾಗ ಶ್ಯಾಣ್ಯಾ ಇದ್ದೀ ಏನವಾ?' ಅಂದೆ. 'ಇಲ್ರೀ ಸರ, ಗಣಿತದಾಗ ಎರಡ ಸಲ ಫೇಲ್ ಆಗೇನ್ರಿ. ಇದರಾಗ ಲೆಕ್ಕಾನ ಇಲ್ಲರೀ' ಅಂದಳು.

ನಿಜ. ಸುಡೊಕುದಲ್ಲಿ ಕೂಡೋದಿಲ್ಲ, ಕಳೆಯೋದಿಲ್ಲ. ಇರೋದು 81 ಮನೆ. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಪ್ರತಿ ಒಂಬತ್ತು ಮನೆಯ ಚೌಕದಲ್ಲಿ 1ರಿಂದ 9 ಒಂದೊಂದೇ ಸಲ ಬರಬೇಕು. ಅಷ್ಟೇ ನಿಯಮ. ಮೇಲಿನ ಮೂರು ಚೌಕ ನೋಡಿ. ಮೊದಲ ಚೌಕದ 7 ಮೊದಲನೇ ಸಾಲಿನಲ್ಲಿದೆ. ಎರಡನೇ ಚೌಕದ 7 ಎರಡನೇ ಸಾಲಿನಲ್ಲಿದೆ. ಹಾಗಾದ್ರೆ ಮೂರನೇ ಚೌಕದ 7 ಮೂರನೇ ಸಾಲಿನಲ್ಲೇ ಇರಬೇಕು. ಅಲ್ಲಿ ಒಂದೇ ಮನೆ ಖಾಲಿ ಇದ್ರೆ ಕಣ್ಣುಮುಚ್ಚಿ ಬರೀರಿ.

ಹೆಸರು ಜಪಾನಿನದು, ಹುಟ್ಟು ಅಮೆರಿಕದ್ದು. 1979ರಲ್ಲಿ ಅಲ್ಲಿನ ಒಂದು ಪತ್ರಿಕೆಯಲ್ಲಿ ಬಂತು. ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು ಎನ್ನುತ್ತಾರೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಕೈಗೆತ್ತಿಕೊಂಡಿತು. 2004ರಲ್ಲಿ ಲಂಡನ್ನಿನ ಟೈಮ್ಸ್ ಅಚ್ಚುಹಾಕಿದ ಮೇಲೆ ಊರೂರಿಗೆ ಹಬ್ಬಿತು. ಒಂದೇ ಉತ್ತರ ಬರಬೇಕಾದ್ರೆ ಕನಿಷ್ಠ 17 ಅಂಕಿ ಮೊದಲೇ ಕೊಟ್ಟಿರಬೇಕು ಅಂತ 2012ರಲ್ಲಿ ಡಬ್ಲಿನ್ನಿನ ಗಣಿತಜ್ಞರು ಕಂಪ್ಯೂಟರಿನಿಂದ ತೋರಿಸಿದರು.

ಒಂದು ಮನೆಯಲ್ಲಿ ಹುಡುಗಿ ತಡೆದು ನಿಂತಳು. 'ಏನೋ ಒಂದು ಬರೆದುಬಿಡು' ಅಂದೆ. 'ಬ್ಯಾಡ್ರೀ ಸರ. ಅಂದಾಜಿಗೆ ಬರದ್ರ ಮುಂದ ಹತ್ತನೇ ಮನ್ಯಾಗ ಸಿಕ್ಕೊಂಡ ಬೀಳ್ತೇವ್ರಿ. ಆವಾಗ ತಪ್ಪ ಎಲ್ಲೈತಿ ಅಂತ ಗೊತ್ತ ಆಗಂಗಿಲ್ಲ.'

ಆ ಮಾತು ನನಗೇ ಚುಚ್ಚಿತು. ಹಿಂದೊಮ್ಮೆ ಒಂದು ಬಸ್ ಅಪಘಾತದಲ್ಲಿ, ಖಚಿತ ಮಾಡಿಕೊಳ್ಳದೆ ಸತ್ತವರ ಸಂಖ್ಯೆ ಓದಿದ್ದೆ. ಬದುಕಿದ್ದವರ ಮನೆಯಲ್ಲೂ ಗೋಳಾಟ ಎದ್ದಿತು. ಅರ್ಧ ಗಂಟೆಯಲ್ಲಿ ತಿದ್ದಿದೆವು. ಆ ಅರ್ಧ ಗಂಟೆಯನ್ನು ಯಾವ ರಬ್ಬರ್ ಅಳಿಸುತ್ತೆ ಹೇಳಿ?

'ಇದೂ ಗಣಿತಾನೇ ಕಣವ್ವಾ' ಅಂದೆ. ನಂಬಲಿಲ್ಲ. 'ಕಾರಣ ಸಿಗದೆ ಉತ್ತರ ಬರೆಯೋದಿಲ್ಲ ಅಂದೆಯಲ್ಲ, ಗಣಿತ ಅಂದ್ರೆ ಅದೇ' ಅಂದೆ. ಚಹಾ ಸೋಸುತ್ತಿದ್ದ ಅಪ್ಪ ತಲೆ ಎತ್ತಿದರು. 'ಪರೀಕ್ಷಾ ಫೀ ಕಟ್ಟಾಕ ಕಡೀ ದಿನಾ ಎಂದೈತಿ?' ಅಂತ ಮಗಳನ್ನು ಕೇಳಿದರು. 'ನಾಳಿಗೇರಿ' ಅಂದಳು. ಅವರು ಗಲ್ಲಾ ತೆಗೆದು ನೋಟು ಎಣಿಸತೊಡಗಿದರು.

ಆ ಮಗು ಪಾಸಾಗುತ್ತೋ ಇಲ್ಲವೋ, ಅಂದಾಜು ಮಾಡಲಾರೆ. ಆದ್ರೆ ನಿಮ್ಮ ಮನೆಯ ಮಗುವಿಗೆ 'ನಿನಗೆ ಗಣಿತ ಬರೋದಿಲ್ಲ' ಅನ್ನೋ ಮುಂಚೆ ಕೈಗೊಂದು ಪೆನ್ಸಿಲ್, ನಿನ್ನೆಯ ಪೇಪರ್ ಕೊಟ್ಟು ನೋಡಿ. ಅದೂ ಒಂದು ಖಾಲಿ ಮನೆಯೇ. ತಪ್ಪು ಅಂಕಿ ತುಂಬಬೇಡಿ.